ಆಲೆಟ್ಟಿಯ ಮನೆಯಲ್ಲಿ ಕೈಕೊಡುತ್ತಿದ್ದ ಕಂಟ್ರೋಲರ್

ಸುಳ್ಯದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮುನೀರಾಳ ಮೊಬೈಲ್ ರಿಪೇರಿ ಅಂಗಡಿ ಇದೆ. ಆರಡಿ ಅಗಲ, ಹತ್ತಡಿ ಉದ್ದ. ಮೊದಲು ಅದು ಅವಳ ತಂದೆ ಮೂಸಕುಂಞಿಯವರ ಗಡಿಯಾರದ ಅಂಗಡಿಯಾಗಿತ್ತು. ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿಯೇ ಬಂದು ಕೂರುತ್ತಿದ್ದಳು. ನೆಲಕ್ಕೆ ಬಿದ್ದ, ಎಳ್ಳಿನ ಕಾಳಿನಷ್ಟು ಚಿಕ್ಕ ಸ್ಕ್ರೂಗಳನ್ನು ಚಿಮುಟದಲ್ಲಿ ಹೆಕ್ಕಿ ಕೊಡುವುದು ಅವಳ ಕೆಲಸ. ಎಲ್ಲರ ಕೈಗೂ ಮೊಬೈಲ್ ಬಂದು ಗಡಿಯಾರ ಕಟ್ಟುವವರು ಕಡಿಮೆಯಾದರು. ಅದೇ ಹೊತ್ತಿಗೆ ಮೂಸಕುಂಞಿಯವರ ಕಣ್ಣಿನ ನರಕ್ಕೆ ಕಾಯಿಲೆ ಹಿಡಿಯಿತು. ಮುನೀರಾ ಪುತ್ತೂರಿಗೆ ಹೋಗಿ ಮೂರು ತಿಂಗಳು ಮೊಬೈಲ್ ರಿಪೇರಿ ಕಲಿತಳು. ಆ ತರಗತಿಯಲ್ಲಿ ಹೆಂಗಸು ಅವಳೊಬ್ಬಳೇ. ಆಗ ಅವಳಿಗೆ ಇಪ್ಪತ್ತಮೂರು. ಈಗ ನಲವತ್ತೊಂದು.

ಮೊದಮೊದಲು ಬರುವ ಗಂಡಸರು ಕೌಂಟರಿನ ಮುಂದೆ ನಿಂತು, ಅವಳನ್ನು ನೋಡಿಯೂ, "ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. "ಇದ್ದೇನೆ, ಹೇಳಿ," ಎನ್ನುತ್ತಿದ್ದಳು ಮುನೀರಾ. ಕೆಲವರು ಹೇಳುತ್ತಿದ್ದರು. ಕೆಲವರು ಆಮೇಲೆ ಬರ್ತೇನೆ ಎಂದು ಹೊರಡುತ್ತಿದ್ದರು. ಹಾಗೆ ಹೋದವರಲ್ಲಿ ಹೆಚ್ಚಿನವರು ಎರಡು ಮೂರು ವರ್ಷದೊಳಗೆ ತಿರುಗಿ ಬಂದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಮರೆಯಲೂ ಇಲ್ಲ.

ತಂದೆಯಿಂದ ಅವಳಿಗೆ ಬಂದ ಅಭ್ಯಾಸ ಒಂದಿದೆ. ವಸ್ತುವನ್ನು ಮುಟ್ಟುವ ಮೊದಲು ತಂದವರ ಮಾತು ಪೂರ್ತಿ ಕೇಳುವುದು. ಗಡಿಯಾರ ನಿಂತದ್ದು ಯಾವಾಗ, ಯಾವ ಕೈಗೆ ಕಟ್ಟುತ್ತೀರಿ, ರಾತ್ರಿ ಎಲ್ಲಿ ಇಡುತ್ತೀರಿ ಎಂದು ಮೂಸಕುಂಞಿ ಕೇಳುತ್ತಿದ್ದರು. ಅರ್ಧ ರಿಪೇರಿ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದು ಅಭ್ಯಾಸ ಅವಳದೇ. ಫೋನಿನ ಲಾಕನ್ನು ತಂದವರೇ ತೆಗೆಯಬೇಕು, ಪರದೆ ಅವರಿಗೂ ಕಾಣುವ ಹಾಗೆ ಇರಬೇಕು. ಇಷ್ಟಾದರೂ ಹದಿನೆಂಟು ವರ್ಷದಲ್ಲಿ ಕಣ್ಣಿಗೆ ಬೀಳಬಾರದ್ದು ಎಷ್ಟೋ ಬಿದ್ದಿದೆ. ಸೌದಿಯ ಜುಬೈಲಿನ ಸೂಪರ್ ಮಾರ್ಕೆಟಿನಲ್ಲಿ ಕೆಲಸಕ್ಕಿರುವ ಅವಳ ಗಂಡ ಶಾಫಿ ಫೋನಿನಲ್ಲಿ ತಮಾಷೆ ಮಾಡುವುದುಂಟು, ಸುಳ್ಯದವರ ಗುಟ್ಟೆಲ್ಲ ನಿನ್ನ ಹತ್ತಿರವೇ ಉಂಟಲ್ಲ ಎಂದು. ನನಗೆ ಎಂತದೂ ನೆನಪಿರುದಿಲ್ಲ ಎನ್ನುತ್ತಾಳೆ ಅವಳು. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತು.

ಕಳೆದ ವರ್ಷ ಜನವರಿಯ ಒಂದು ಬೆಳಿಗ್ಗೆ, ಐವತ್ತೇಳು ಐವತ್ತೆಂಟರ ಹೆಂಗಸೊಬ್ಬರು ಅಂಗಡಿಗೆ ಬಂದರು. ಆಲೆಟ್ಟಿಯ ಪರಮೇಶ್ವರಿ. ಬಟ್ಟೆ ಚೀಲದಿಂದ ಬೈರಾಸು ಟವೆಲಿನಲ್ಲಿ ಸುತ್ತಿದ್ದ ವಸ್ತು ತೆಗೆದು ಕೌಂಟರಿನ ಮೇಲಿಟ್ಟರು. ಬಿಚ್ಚಿ ನೋಡಿದರೆ ಗೇಮ್ ಕಂಟ್ರೋಲರ್. ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಡಿಯ ಸ್ಟಿಕ್ಕುಗಳನ್ನು ತಿರುಗಿಸುತ್ತ ಆಡುವಂಥದ್ದು. ತಂತಿ ಇಲ್ಲ, ಬ್ಲೂಟೂತಿನಲ್ಲಿ ಫೋನಿಗೆ ಸೇರಬೇಕು. ಮುನೀರಾಳಲ್ಲಿಗೆ ಇಂಥದ್ದನ್ನು ತರುವವರು ಕಾಲೇಜಿಗೆ ಹೋಗುವವರು.

"ಯಾರು ಆಡುದು ಅಕ್ಕ?"

"ನಮ್ಮವರು," ಎಂದರು ಪರಮೇಶ್ವರಿ. "ಅವರಿಗೆ ಸ್ಟ್ರೋಕ್ ಆದದ್ದು. ಎಡಗೈ ಬೆರಳಿಗೆ ಕೆಲಸ ಕೊಡಬೇಕು ಅಂತ ಫಿಸಿಯೋಥೆರಪಿಯವರು ಹೇಳಿದ್ದಾರೆ. ಚೆಂಡು ಒತ್ತುದಕ್ಕೆ ಕೊಟ್ರೆ ಬಿಸಾಡ್ತಾರೆ. ಮಗಳು ಇದನ್ನು ತರಿಸಿ ಕೊಟ್ಟಳು."

ಅವರ ಗಂಡ ಮಹೇಶ್ವರ ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಕಲ್ಲುಗುಂಡಿಯಿಂದ ಹೊರಟು ಸುಳ್ಯದ ಮೇಲೆ ಪುತ್ತೂರು, ಸಂಜೆ ಅದೇ ದಾರಿಯಲ್ಲಿ ವಾಪಸು. ಮನೆಯ ಹಿಂದೆ ಎರಡೆಕರೆ ಅಡಿಕೆ ತೋಟವಿದ್ದರೂ ಅದನ್ನು ನೋಡಿಕೊಳ್ಳುತ್ತಿದ್ದವರು ಪರಮೇಶ್ವರಿಯೇ. ಎಂಟು ತಿಂಗಳ ಹಿಂದೆ, ಬಸ್ಸು ತೊಳೆಯುತ್ತಿದ್ದಾಗ ಮಹೇಶ್ವರರ ಎಡಗೈಯಿಂದ ಬಕೆಟು ಜಾರಿ ಬಿತ್ತು. ಅಲ್ಲಿಗೆ ಬಸ್ಸು ಮುಗಿಯಿತು. ಕೊಲ್ಲಮೊಗ್ರಿಗೆ ಮದುವೆಯಾಗಿ ಹೋದ ಮಗಳು ಗಾನಶ್ರೀ ಅಪ್ಪನ ಫೋನಿಗೆ ಬಸ್ಸು ಓಡಿಸುವ ಆಟವೊಂದನ್ನು ಹಾಕಿ, ಈ ಕಂಟ್ರೋಲರನ್ನೂ ತರಿಸಿದ್ದಳು. ಆದರೆ ಅದು ಫೋನಿನಲ್ಲಿ ಸೇರಿದೆ ಎಂದು ತೋರಿಸಿದರೂ ಆಟದೊಳಗಿನ ಬಸ್ಸು ಅಲುಗುತ್ತಿರಲಿಲ್ಲ.

ಮುನೀರಾ ಕಂಟ್ರೋಲರನ್ನು ತಿರುಗಿಸಿ ನೋಡಿದಳು. ಅದಕ್ಕೆ ಮೂರು ನಾಲ್ಕು ಬಗೆಯ ಸಾಧನಗಳಿಗೆ ಸೇರುವ ವ್ಯವಸ್ಥೆ ಇತ್ತು. ಯಾವ ಬಟನ್ ಒತ್ತಿ ಚಾಲೂ ಮಾಡುತ್ತೀರಿ ಎಂಬುದರ ಮೇಲೆ ಅದರ ನಡತೆ. ಮನೆಯಲ್ಲಿ ಯಾರೋ ತಪ್ಪು ಬಟನ್ ಒತ್ತಿದ್ದರು. ಅವಳು ಫೋನಿನ ಬ್ಲೂಟೂತ್ ಪಟ್ಟಿಯಿಂದ ಅದರ ಹೆಸರನ್ನು ಅಳಿಸಿದಳು. ನಡುವಿನ ಹೋಮ್ ಬಟನನ್ನೂ ಎ ಬಟನನ್ನೂ ಒಟ್ಟಿಗೆ ಒತ್ತಿ ಹಿಡಿದಳು. ದೀಪ ಬೇಗ ಬೇಗ ಮಿನುಗಿತು. ಪಟ್ಟಿಯಲ್ಲಿ ಹೆಸರು ಹೊಸದಾಗಿ ಬಂತು, ಮುಟ್ಟಿದಳು, ದೀಪ ನಿಂತು ಉರಿಯಿತು. ಆಟದ ಬಸ್ಸು ಮುಂದಕ್ಕೆ ಹೋಯಿತು. ಬ್ಯಾಟರಿ ಉಳಿಸುವ ಸೆಟ್ಟಿಂಗು ಬ್ಲೂಟೂತನ್ನು ನಡುವೆ ಕಡಿಯದ ಹಾಗೆ ಅದನ್ನೂ ತೆಗೆದಳು.

"ಇನ್ನೊಂದು ಸಲ ನಿಧಾನ ತೋರಿಸ್ತೀರಾ?" ಪರಮೇಶ್ವರಿ ಕನ್ನಡಕ ಹಾಕಿಕೊಂಡರು.

ಮುನೀರಾ ಎಲ್ಲ ಅಳಿಸಿ ಮತ್ತೆ ತೋರಿಸಿದಳು. ಆಮೇಲೆ ಪರಮೇಶ್ವರಿ ತಾವೇ ಎರಡು ಸಲ ಮಾಡಿ ನೋಡಿದರು. ಎರಡನೆಯ ಸಲ ಎಲ್ಲೂ ತಡವರಿಸಲಿಲ್ಲ. ನೀವೇ ಮಾಡಿ ಕೊಡಿ ಎನ್ನುವವರನ್ನೇ ದಿನವಿಡೀ ನೋಡುವ ಮುನೀರಾಳಿಗೆ ಅದು ಇಷ್ಟವಾಯಿತು.

ಹತ್ತು ದಿನ ಕಳೆದು ಮಹೇಶ್ವರರೇ ಆಟೋದಲ್ಲಿ ಬಂದಿಳಿದರು. ಬಲಗೈಯಲ್ಲಿ ಕೋಲು, ಕುತ್ತಿಗೆಯಲ್ಲಿ ಚೀಲ. ಅವರು ಬಾಯಿ ಬಿಟ್ಟದ್ದೇ ತಡ, ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಮೂಸಕುಂಞಿ ತಲೆಯೆತ್ತಿದರು. ಬೆಳಗಿನ ಹೊತ್ತು ಅಂಗಡಿಗೆ ಬಂದು ಕೂರುವುದನ್ನು ಅವರು ಕಣ್ಣು ಹೋದ ಮೇಲೂ ಬಿಟ್ಟಿರಲಿಲ್ಲ.

"ಏಳೂಕಾಲರ ಬಸ್ಸಿನ ಮಹೇಶ್ವರ ಅಲ್ವಾ?"

"ಹೌದು. ಈಗ ಏಳೂಕಾಲಕ್ಕೆ ಎದ್ದು ಕೂರುದಕ್ಕೇ ಕಷ್ಟ," ಎಂದರು ಮಹೇಶ್ವರ. ಆಮೇಲೆ ಮುನೀರಾಳ ಕಡೆ ತಿರುಗಿ, ಬಸ್ಸಿನ ಮೆಕ್ಯಾನಿಕನಿಗೆ ಹೇಳುವ ಹಾಗೆ ಹೇಳಿದರು. "ಮೊದಲ ದಿನ ಚಂದ ಓಡಿತು. ಮರುದಿನ ಬೆಳಿಗ್ಗೆ ಇಲ್ಲ. ಹೆಸರು ಕಾಣ್ತದೆ, ಸೇರುದಿಲ್ಲ. ಮನೆಯಲ್ಲಿ ಇವಳು ಎಂತದೋ ಒತ್ತಿ ಸರಿ ಮಾಡಿ ಕೊಡ್ತಾಳೆ, ಅವತ್ತು ಓಡ್ತದೆ. ಮರುದಿನ ಪುನಃ ಇಲ್ಲ. ದಿನಾ ಬೆಳಿಗ್ಗೆ ತಳ್ಳಿ ಸ್ಟಾರ್ಟ್ ಮಾಡುವ ಬಸ್ಸಿನ ಹಾಗೆ."

"ಮಧ್ಯಾಹ್ನ ಆಡ್ತೀರಾ?"

"ಇಲ್ಲ. ಊಟ ಆಗಿ ಮಲಗುದು. ಮಾತ್ರೆಗೆ ನಿದ್ರೆ ಬರ್ತದೆ."

ಮುನೀರಾ ಚಾರ್ಜ್ ನೋಡಿದಳು, ತುಂಬಿತ್ತು. ಹಿಂಬದಿಯ ಸೂಜಿ ತೂತಿಗೆ ಕಡ್ಡಿ ಒತ್ತಿ ಪೂರ್ತಿ ರೀಸೆಟ್ ಮಾಡಿ, ಮೊದಲಿನಿಂದ ಸೇರಿಸಿದಳು. ಅಂಗಡಿಯಲ್ಲಿ ಒಂದು ಗಂಟೆ ಕೂತು ಮಹೇಶ್ವರ ಬಸ್ಸು ಓಡಿಸಿದರು. ಒಮ್ಮೆಯೂ ಕಡಿಯಲಿಲ್ಲ. ಅವರು ಆಡುವ ರೀತಿ ಅವಳಿಗೆ ವಿಚಿತ್ರವೆನಿಸಿತು. ಯಾರನ್ನೂ ಹಿಂದಿಕ್ಕುತ್ತಿರಲಿಲ್ಲ. ಪ್ರತಿ ಸ್ಟಾಪಿಗೂ ಮುಂಚೆ ಎಡಕ್ಕೆ ಸಿಗ್ನಲ್ ಹಾಕುತ್ತಿದ್ದರು. ಎಡ ಹೆಬ್ಬೆರಳು ಸ್ಟಿಕ್ಕಿನಿಂದ ಜಾರಿದಾಗಲೆಲ್ಲ ಬಸ್ಸು ರಸ್ತೆಯಂಚಿಗೆ ಸರಿಯುತ್ತಿತ್ತು. ಆಗ ಅವರು ಬಲಗೈಯಿಂದ ಹೆಬ್ಬೆರಳನ್ನು ಎತ್ತಿ ಅದರ ಜಾಗಕ್ಕೆ ಕೂರಿಸುತ್ತಿದ್ದರು.

"ಮನೆಯಲ್ಲಿ ವೈಫೈ ಪೆಟ್ಟಿಗೆ, ಇನ್ವರ್ಟರ್ ಹತ್ತಿರ ಇಟ್ಟುಕೊಂಡು ಆಡಬೇಡಿ. ಅಡ್ಡ ಬರ್ತದೆ," ಎಂದಳು ಮುನೀರಾ. ಹೇಳುವಾಗಲೇ ಕಾರಣ ಅದಲ್ಲ ಎಂದು ಅವಳಿಗೆ ಅನಿಸಿತ್ತು. ಅಡ್ಡ ಬಂದರೆ ನಡುನಡುವೆ ಕಡಿಯಬೇಕು. ಇದು ರಾತ್ರಿ ಕಳೆದರೆ ಫೋನನ್ನೇ ಮರೆಯುತ್ತಿದೆ.

"ಗರಾಜಿನಲ್ಲಿ ಸರಿ ಇರುದು, ರೂಟಿಗೆ ಹಾಕಿದ್ರೆ ತೊಂದರೆ ಕೊಡುದು. ಅಂಥ ಬಸ್ಸು ನಾನು ಓಡಿಸಿದ್ದೇನೆ," ಎಂದರು ಮಹೇಶ್ವರ ಏಳುತ್ತ.

"ಆಗ ಎಂತ ಮಾಡ್ತಾ ಇದ್ರಿ?"

"ಮೆಕ್ಯಾನಿಕನನ್ನು ಬಸ್ಸಿನಲ್ಲೇ ಕೂರಿಸಿಕೊಂಡು ಹೋಗುದು."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರ ಫೋನು ಬಂತು. ಪುನಃ ಇಲ್ಲ ಎಂದಷ್ಟೇ ಹೇಳಿ ಇಟ್ಟರು.

ಶುಕ್ರವಾರ ಮಧ್ಯಾಹ್ನದ ಮೇಲೆ ಮುನೀರಾ ಅಂಗಡಿ ತೆರೆಯುವುದಿಲ್ಲ. ಆ ಶುಕ್ರವಾರ ಊಟ ಮುಗಿಸಿ ಸ್ಕೂಟರ್ ತೆಗೆದು ಆಲೆಟ್ಟಿಗೆ ಹೋದಳು. ರಸ್ತೆ ಬದಿಯಲ್ಲೇ ತಾರಸಿ ಮನೆ. ಅಂಗಳದ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿದ ಕಾರು, ಅದರ ಮೇಲೆ ತರಗೆಲೆ. ಮಹೇಶ್ವರ ಆಗ ತಾನೇ ನಿದ್ರೆಯಿಂದೆದ್ದು ಜಗಲಿಯ ಕುರ್ಚಿಗೆ ಬಂದಿದ್ದರು. ಕಂಟ್ರೋಲರ್ ಟೀಪಾಯಿಯ ಮೇಲಿತ್ತು.

ಮುನೀರಾ ಅದನ್ನು ಕೈಗೆತ್ತಿಕೊಂಡು ಏನನ್ನೂ ಅಳಿಸದೆ, ಇದ್ದ ಹಾಗೆಯೇ ಚಾಲೂ ಮಾಡಿದಳು. ದೀಪ ನಾಲ್ಕೈದು ಸಲ ಮಿನುಗಿ ನಿಂತು ಉರಿಯಿತು. ಸೇರಿದೆ ಎಂದು ಅದರ ಅರ್ಥ. ಆದರೆ ಮಹೇಶ್ವರರ ಫೋನಿನಲ್ಲಿ ಸೇರಿದ ಗುರುತಿಲ್ಲ. ಹಾಗಾದರೆ ಅದು ಇನ್ನೆಲ್ಲಿಗೋ ಸೇರಿದೆ. ಅವಳು ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಮತ್ತೆ ಹಾಗೆಯೇ.

"ಮನೆಯಲ್ಲಿ ಬೇರೆ ಫೋನು ಉಂಟಾ?"

"ಇವಳದ್ದೊಂದು ಉಂಟು. ಅದರಲ್ಲಿ ಭಜನೆ ಕೇಳುದು, ಮಗಳ ಹತ್ತಿರ ಮಾತಾಡುದು. ಅಷ್ಟೇ."

ಪರಮೇಶ್ವರಿ ಬಾಗಿಲಲ್ಲಿ ನಿಂತಿದ್ದರು. ಮುನೀರಾ ಅವರ ಮುಖ ನೋಡಿದಳು. ಕನ್ನಡಕ ಹಾಕಿಕೊಂಡು ನಿಧಾನ ತೋರಿಸಿ ಎಂದದ್ದು ನೆನಪಾಯಿತು. ಅವಳಿಗೆ ಲೆಕ್ಕ ಸಿಕ್ಕಿತು.

"ಅಕ್ಕ, ಸ್ವಲ್ಪ ನೀರು ಕೊಡ್ತೀರಾ?" ಎಂದು ಅವರ ಹಿಂದೆ ಅಡುಗೆಮನೆಗೆ ಹೋದಳು.

ಪರಮೇಶ್ವರಿ ನೀರು ಕೊಡಲಿಲ್ಲ. ಡಬ್ಬಗಳ ಸಾಲಿನ ಹಿಂದಿನಿಂದ ಫೋನು ತೆಗೆದು, ಲಾಕ್ ತೆಗೆದು, ಮುನೀರಾಳ ಮುಂದೆ ಹಿಡಿದರು. ಕಂಟ್ರೋಲರಿನ ಹೆಸರು ಅಲ್ಲಿತ್ತು, ಸೇರಿದೆ ಎಂಬ ಗುರುತಿನೊಂದಿಗೆ. ಮತ್ತೊಂದು ಪುಟದಲ್ಲಿ ಆಟ. ಬಸ್ಸಿನದ್ದಲ್ಲ. ಕಾರು ಕಲಿಸುವಂಥದ್ದು. ಕಂಬಗಳ ನಡುವೆ ಓಡಿಸಬೇಕು, ಏರಿನಲ್ಲಿ ನಿಲ್ಲಿಸಬೇಕು, ಎರಡು ಗೆರೆಗಳ ನಡುವೆ ತಂದು ಇಡಬೇಕು. ಪರಮೇಶ್ವರಿ ಹದಿನಾಲ್ಕನೆಯ ಹಂತದಲ್ಲಿದ್ದರು.

"ಅವರು ಮಲಗಿದಾಗ ಆಡುದು," ಎಂದರು ತಗ್ಗಿದ ದನಿಯಲ್ಲಿ. "ರಿವರ್ಸ್ ಮಾತ್ರ ಬರುದಿಲ್ಲ."

ಕಾರಣವನ್ನು ಪರಮೇಶ್ವರಿಯೇ ಹೇಳಿದರು. ಮದುವೆಯಾದ ಹೊಸದರಲ್ಲಿ ಒಮ್ಮೆ, ಕಾರು ತೆಗೆದಾಗ ಒಮ್ಮೆ, ಮಗಳ ಮದುವೆ ಆದ ಮೇಲೆ ಒಮ್ಮೆ, ಡ್ರೈವಿಂಗ್ ಕಲಿಸಿ ಎಂದು ಗಂಡನನ್ನು ಕೇಳಿದ್ದರು. ಮೂರು ಸಲವೂ ಅವರದು ಒಂದೇ ಉತ್ತರ. ದಿನಾ ಬಸ್ಸಿನಲ್ಲಿರುವ ಅಷ್ಟು ಜನರ ಚಿಂತೆಯೇ ಸಾಕು, ಮನೆಗೆ ಬಂದ ಮೇಲೂ ಇನ್ನೊಬ್ಬರ ಚಿಂತೆ ಯಾಕೆ. ಈಗ ಕಾರು ಶೆಡ್ಡಿನಲ್ಲಿದೆ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಸುಳ್ಯಕ್ಕೆ, ತಿಂಗಳಿಗೊಮ್ಮೆ ಪುತ್ತೂರಿಗೆ ಡಾಕ್ಟರ ಹತ್ತಿರ ಹೋಗಬೇಕು. ಪ್ರತಿ ಸಲ ಆಟೋದವರನ್ನು ಕಾಯಬೇಕು, ಅವರು ಬಾಡಿಗೆಗೆ ಹೋಗಿದ್ದರೆ ಕಾಯುತ್ತಲೇ ಇರಬೇಕು.

"ನಾನು ಆಡಿದ್ರಿಂದ ಅವರದ್ದು ಹಾಳಾಗ್ತದೆ ಅಂತ ಗೊತ್ತಿರಲಿಲ್ಲ," ಎಂದರು. ಸ್ವಲ್ಪ ತಡೆದು, "ಸಂಶಯ ಇತ್ತು," ಎಂದೂ ಸೇರಿಸಿದರು.

"ಹಾಳಾಗುದಿಲ್ಲ. ಕೊನೆಗೆ ಯಾವ ಫೋನಿಗೆ ಸೇರಿಸಿದ್ರಿ, ಅದು ಮಾತ್ರ ಇದಕ್ಕೆ ನೆನಪು. ಆಡಿ ಆದ ಮೇಲೆ ಪುನಃ ಅವರ ಫೋನಿಗೆ ಸೇರಿಸಿ ಇಟ್ರೆ ಸಾಕು. ಯಾರಿಗೂ ಗೊತ್ತಾಗುದಿಲ್ಲ."

"ಹೌದಾ," ಎಂದರು ಪರಮೇಶ್ವರಿ. ಆ ಉಪಾಯ ಅವರಿಗೆ ಅಷ್ಟೇನೂ ಹಿಡಿಸಿದಂತೆ ಕಾಣಲಿಲ್ಲ. ಕೊನೆಗೆ ಒಂದು ಲೋಟ ನೀರು ಕೊಟ್ಟರು.

ಜಗಲಿಗೆ ಬಂದು ಮುನೀರಾ ಎಂದಿನಂತೆ ಹೆಸರು ಅಳಿಸಿ ಕಂಟ್ರೋಲರನ್ನು ಮಹೇಶ್ವರರ ಫೋನಿಗೆ ಸೇರಿಸಿದಳು.

"ಎಂತ ಆದದ್ದು?"

"ಒಂದು ಸಲಕ್ಕೆ ಒಂದೇ ಫೋನು ಇದಕ್ಕೆ ನೆನಪಿರುದು ಅಣ್ಣ. ಬೇರೆ ಫೋನಿಗೆ ಸೇರಿತ್ತು."

"ಯಾರ ಫೋನಿಗೆ?"

ಮುನೀರಾ ಚಾರ್ಜರಿನ ತಂತಿ ಸುತ್ತತೊಡಗಿದಳು. ಸುಳ್ಳು ಹೇಳುವ ಮನಸ್ಸಿರಲಿಲ್ಲ. ನಿಜ ಹೇಳುವುದು ಅವಳ ಕೆಲಸವೂ ಆಗಿರಲಿಲ್ಲ. ಪಕ್ಕದ ಮನೆಯವರದ್ದು ಎಂದು ಮಹೇಶ್ವರರೇ ಎಣಿಸಿಕೊಂಡರೆ ಎಣಿಸಿಕೊಳ್ಳಲಿ ಎಂದುಕೊಂಡಳು.

"ನನ್ನದಕ್ಕೆ," ಎಂದರು ಪರಮೇಶ್ವರಿ ಬಾಗಿಲಿನಿಂದ.

ಮಹೇಶ್ವರ ಹೆಂಡತಿಯ ಕಡೆ ತಿರುಗಿದರು. ಅವರ ಕುತ್ತಿಗೆ ನಿಧಾನ ತಿರುಗುತ್ತಿತ್ತು.

"ನೀನು ಎಂತ ಆಡುದು?"

"ಕಾರಿಂದು."

"ಕಾರಾ?" ಮಹೇಶ್ವರ ಕುರ್ಚಿಯಿಂದ ಎದ್ದರು. "ಆಟದಲ್ಲಿ ಬಂದ ಹಾಗೆ ರಸ್ತೆಯಲ್ಲಿ ಬರುದಿಲ್ಲ," ಎಂದು ಹೇಳಿ ಅವರು ಕೋಲು ಹಿಡಿದು ಒಳಗೆ ಹೋದರು. ಕಂಟ್ರೋಲರ್ ಟೀಪಾಯಿಯ ಮೇಲೆಯೇ ಉಳಿಯಿತು.

ಮುನೀರಾ ಚಹಾ ಕುಡಿಯದೆ ಹೊರಟಳು. ದಾರಿಯುದ್ದಕ್ಕೂ ಕಿರಿಕಿರಿಯಾಯಿತು. ಫೋನಿನೊಳಗೆ ಕಂಡದ್ದನ್ನು ಅವಳು ಹೊರಗೆ ಹಾಕಿರಲಿಲ್ಲ. ಹಾಗಿದ್ದರೂ ಅವಳು ಹೋದ ಕಾರಣದಿಂದಲೇ ಅದು ಹೊರಗೆ ಬಿದ್ದಿತ್ತು. ಹೋಗದೆ ಇದ್ದಿದ್ದರೆ ಮಹೇಶ್ವರ ನಾಲ್ಕು ದಿನ ಗೊಣಗಿ ಆಟ ಬಿಡುತ್ತಿದ್ದರು, ಪರಮೇಶ್ವರಿ ಹದಿನೈದನೆಯ ಹಂತಕ್ಕೆ ಹೋಗುತ್ತಿದ್ದರು. ಯಾವುದು ಒಳ್ಳೆಯದಿತ್ತು ಎಂದು ಅವಳಿಗೆ ತೀರ್ಮಾನಿಸಲಾಗಲಿಲ್ಲ.

ಮಹೇಶ್ವರ ಎರಡು ದಿನ ಕಂಟ್ರೋಲರ್ ಮುಟ್ಟಲಿಲ್ಲವೆಂದು ಆಮೇಲೆ ಗಾನಶ್ರೀ, ಅಮ್ಮನಿಂದ ನಂಬರು ಪಡೆದು, ಫೋನಿನಲ್ಲಿ ಹೇಳಿದಳು. ಆ ಫೋನು ಬರುವ ಹೊತ್ತಿಗೆ ಮುನೀರಾ ಇನ್ನೊಂದು ಕೆಲಸ ಮಾಡಿ ಮುಗಿಸಿದ್ದಳು. ಕಂಟ್ರೋಲರಿನ ಪೆಟ್ಟಿಗೆಯಲ್ಲಿದ್ದ ಕಾಗದದ ಫೋಟೋವನ್ನು ಪರಮೇಶ್ವರಿಯಿಂದ ವಾಟ್ಸಾಪಿನಲ್ಲಿ ತರಿಸಿ, ಇರುವೆಯಂಥ ಅಕ್ಷರಗಳನ್ನು ಹಿಗ್ಗಿಸಿ ಓದಿದ್ದಳು. ಕೊನೆಯ ಸಾಲಿನಲ್ಲಿ ಅವಳಿಗೆ ಬೇಕಾದದ್ದು ಇತ್ತು. ಎ ಬಟನ್ ಒತ್ತಿ ಸೇರಿಸಿದ ಫೋನಿನ ನೆನಪು ಬೇರೆ, ಎಕ್ಸ್ ಬಟನ್ ಒತ್ತಿ ಸೇರಿಸಿದ್ದರದು ಬೇರೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಇಷ್ಟು ದಿನ ಇಬ್ಬರೂ ಎ ಬಟನನ್ನೇ ಒತ್ತುತ್ತಿದ್ದರು. ಹಾಗೆ ಕಲಿಸಿದವಳು ತಾನೇ ಎಂಬುದೂ ಅವಳಿಗೆ ಗೊತ್ತಿತ್ತು.

ಅವಳು ಮಹೇಶ್ವರರಿಗೇ ಫೋನು ಮಾಡಿದಳು.

"ಅಣ್ಣ, ತಪ್ಪು ನನ್ನದು. ಹೋಮ್ ಜೊತೆ ಎ ಒತ್ತಿದ್ರೆ ನಿಮ್ಮ ಫೋನು. ಎಕ್ಸ್ ಒತ್ತಿದ್ರೆ ಅಕ್ಕನದ್ದು. ಹಾಗೆ ಮಾಡಿದ್ರೆ ಇಬ್ಬರಿಗೂ ತೊಂದರೆ ಇಲ್ಲ. ಅಕ್ಕ ಬೇಡ ಅಂದ್ರೆ ಎಕ್ಸ್ ಬಿಟ್ಟುಬಿಡಿ."

"ಅವಳು ಬೇಡ ಅನ್ನುದಿಲ್ಲ ಮಾರಾಯ್ತಿ," ಎಂದರು ಮಹೇಶ್ವರ. "ಹೇಗೆ ಸೇರಿಸುದು ಹೇಳು. ನಿಧಾನ ಹೇಳು."

ಮುಂದಿನದ್ದು ಒಂದೇ ದಿನದಲ್ಲಿ ಆದದ್ದಲ್ಲ. ಬೆಳಿಗ್ಗೆ ಅವರು, ಮಧ್ಯಾಹ್ನ ಇವರು ಎಂದು ಕೆಲವು ವಾರ ನಡೆಯಿತು. ಮಹೇಶ್ವರ ಮಧ್ಯಾಹ್ನದ ನಿದ್ರೆ ಕಡಿಮೆ ಮಾಡಿ ಹೆಂಡತಿಯ ಪಕ್ಕ ಬಂದು ಕೂರತೊಡಗಿದರು. ಮೊದಲು ಏನೂ ಹೇಳುತ್ತಿರಲಿಲ್ಲ. ಒಂದು ದಿನ, ಆಟದ ಕಾರು ಹಿಂದಿನ ಗೋಡೆಗೆ ಏಳನೆಯ ಸಲ ಗುದ್ದಿದಾಗ, ಎಡದ ಕನ್ನಡಿ ನೋಡು, ಮುಂದೆ ಎಂತಕ್ಕೆ ನೋಡುದು ಎಂದರು. ಅಲ್ಲಿಂದ ಪಾಠ ಶುರುವಾಯಿತು. ಪಾಠ ಹೇಳುವ ಮನುಷ್ಯನಾಗಿ ಅವರು ತೀರಾ ಕಷ್ಟವೆಂದು ಪರಮೇಶ್ವರಿ ಅಂಗಡಿಗೆ ಬಂದಾಗ ಮುನೀರಾಳ ಮುಂದೆ ದೂರಿದರು. ಒಂದೇ ಮಾತನ್ನು ಎರಡು ಸಲ ಹೇಳುವುದಿಲ್ಲವಂತೆ, ಹೇಳಿದರೆ ಮೂರು ದಿನ ಅದನ್ನೇ ಹೇಳುತ್ತಾರಂತೆ.

ಮಾರ್ಚಿನಲ್ಲಿ ಪರಮೇಶ್ವರಿ ಸುಳ್ಯದ ಡ್ರೈವಿಂಗ್ ಶಾಲೆಗೆ ಸೇರಿದರು. ಮಹೇಶ್ವರರೇ ಸೇರಿಸಿದ್ದು. ರಸ್ತೆಯಲ್ಲಿ ಕಲಿಸಲು ತಮ್ಮ ಒಂದು ಕೈ ಒಂದು ಕಾಲು ಸಾಲದು ಎಂದು ಅವರೇ ಹೇಳಿದರಂತೆ. ಪುತ್ತೂರಿನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಪರಮೇಶ್ವರಿ ರಿವರ್ಸಿನಲ್ಲೇ ಸೋತರು. ಜುಲೈಯಲ್ಲಿ ಎರಡನೆಯ ಸಲ ಹೋಗಿ ಪಾಸಾದರು. ಮಹೇಶ್ವರರ ಹೆಬ್ಬೆರಳು ಈಗ ಸ್ಟಿಕ್ಕಿನ ಮೇಲೆ ನಿಲ್ಲುತ್ತದೆ. ಕೈ ಮೊದಲಿನ ಹಾಗೆ ಆಗುವುದಿಲ್ಲವೆಂದು ಪುತ್ತೂರಿನ ಡಾಕ್ಟರು ಹೇಳಿದ್ದಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟಾದರೂ ಬಂತಲ್ಲ ಎನ್ನುತ್ತಾರೆ ಅವರು.

ಸೆಪ್ಟೆಂಬರಿನಲ್ಲಿ ಒಂದು ದಿನ ಮುನೀರಾ ಡಿಸ್‌ಪ್ಲೇ ಮತ್ತು ಬ್ಯಾಟರಿ ತರಲು ಪುತ್ತೂರಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಆ ಕಾರು ಬಂದು ನಿಂತಿತು. ನಿಲ್ಲುವಾಗ ಒಮ್ಮೆ ಜಗ್ಗಿತು.

"ಪುತ್ತೂರಿಗಾ? ಹತ್ತಿ," ಎಂದರು ಪರಮೇಶ್ವರಿ. "ನಾವು ಡಾಕ್ಟರ ಹತ್ತಿರ ಹೋಗುದು."

ಮುನೀರಾ ಹಿಂದಿನ ಸೀಟಿನಲ್ಲಿ ಕೂತಳು. ಪರಮೇಶ್ವರಿ ಎರಡೂ ಕೈಯಿಂದ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ನಲವತ್ತರ ಮೇಲೆ ಹೋಗದೆ, ದಾರಿಯುದ್ದಕ್ಕೂ ಒಂದೂ ಮಾತಾಡದೆ ಓಡಿಸಿದರು. ಹಿಂದಿನಿಂದ ಬಂದ ಬಸ್ಸುಗಳು ಹಾರ್ನ್ ಹಾಕಿ ಹಿಂದಿಕ್ಕಿ ಹೋದವು. ಎಡಗಡೆ ಕೂತಿದ್ದ ಮಹೇಶ್ವರ ಪ್ರತಿ ತಿರುವಿಗೂ ಮುಂಚೆ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು. ಅಲ್ಲಿ ಬ್ರೇಕ್ ಇರಲಿಲ್ಲ. ಬಾಯಿಯನ್ನು ಮಾತ್ರ ಮುಚ್ಚಿಕೊಂಡೇ ಇದ್ದರು. ಅದು ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದು ಹಿಂದಿನಿಂದ ಕುತ್ತಿಗೆ ನೋಡಿದರೇ ಮುನೀರಾಳಿಗೆ ತಿಳಿಯುತ್ತಿತ್ತು.

ಆಸ್ಪತ್ರೆಯ ಎದುರು ಎರಡು ಕಾರುಗಳ ನಡುವೆ ಸ್ವಲ್ಪ ಜಾಗವಿತ್ತು. ಪರಮೇಶ್ವರಿ ಹಿಂದಕ್ಕೆ ತೆಗೆದರು, ಸರಿಯಾಗಲಿಲ್ಲ. ಮುಂದಕ್ಕೆ ಬಂದು ಮತ್ತೆ ತೆಗೆದರು. ವಾಚ್‌ಮನ್ ಬಂದು ಕೈ ಬೀಸತೊಡಗಿದ. ಮಹೇಶ್ವರ ಗಾಜು ಇಳಿಸಿ ಅವನಿಗೆ ಹೇಳಿದರು, "ನೀವು ಆಚೆ ನಿಲ್ಲಿ. ಅವಳು ಕನ್ನಡಿ ನೋಡುದುಂಟು."

ನಾಲ್ಕನೆಯ ಸಲಕ್ಕೆ ಕಾರು ಒಳಗೆ ಕೂತಿತು. ಪರಮೇಶ್ವರಿ ಇಳಿದು ಆ ಕಡೆಗೆ ಹೋಗಿ ಗಂಡನ ಕೋಲು ತೆಗೆದುಕೊಟ್ಟರು. ತಿರುಗಿ ಹೋಗುವಾಗಲೂ ಬರ್ತೀರಾ ಎಂದು ಮುನೀರಾಳನ್ನು ಕೇಳಿದರು. ತನ್ನ ಕೆಲಸ ಬೇಗ ಮುಗಿಯುತ್ತದೆ, ಬಸ್ಸಿನಲ್ಲಿ ಹೋಗುತ್ತೇನೆ ಎಂದು ಹೇಳಿ ಅವಳು ಪೇಟೆಯ ಕಡೆಗೆ ನಡೆದಳು.